ಹೂವಿನ ದಿನ ಗೊತ್ತುಮಾಡುವುದು



ವಸಂತದಲ್ಲಿ ಜಪಾನಿನ ಜನ ಬುತ್ತಿ ಕಟ್ಟಿಕೊಂಡು ಚೆರ್ರಿ ಮರಗಳಡಿ ಕೂಡುತ್ತಾರೆ. ಇದೇ ‘ಹನಾಮಿ’, ಅಂದರೆ ಹೂ ನೋಡುವುದು. ಹೂ ನಿಲ್ಲುವುದು ಸುಮಾರು ಒಂದು ವಾರ. ಆದ್ದರಿಂದ ದಿನ ಗೊತ್ತುಮಾಡುವುದೇ ಮುಖ್ಯ. ಗುರುತಿಟ್ಟ ಮರದಲ್ಲಿ ಐದಾರು ಹೂ ಅರಳಿದರೆ ಹವಾಮಾನ ಇಲಾಖೆ ಹೂಗಾಲ ಸಾರುತ್ತದೆ. ಕ್ಯೋಟೋ ನಗರದಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ದಾಖಲೆಗಳಿವೆ. ಅಲ್ಲಿ 2021ರಲ್ಲಿ ಮಾರ್ಚ್ 26ಕ್ಕೇ ಮರ ತುಂಬಿತು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಇದೊಂದು ಸಾಕ್ಷಿ.

ನಮ್ಮ ಮೇಡ್ಲೇರಿ ಸೀಮೆಯಲ್ಲಿ ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಿ, ಹೊಲದಲ್ಲೇ ಉಣ್ಣುತ್ತೇವೆ. ಆ ದಿನವನ್ನು ಪಂಚಾಂಗ ಹೇಳುತ್ತದೆ. ಯುಗಾದಿಯ ಬೇವಿನ ಹೂವಿಗೆ ಮಾತ್ರ ಪಂಚಾಂಗವಿಲ್ಲ. ಅದನ್ನು ನೀವೇ ಬರೆಯಿರಿ. ಶಾಲೆಯ ಒಂದು ಬೇವಿನ ಮರ ಆರಿಸಿ, ಮೊದಲ ಹೂ ಕಂಡ ತಾರೀಖನ್ನು ವರ್ಷವೂ ದಾಖಲಿಸಿ. ಅಂದೇ ಅದರ ನೆರಳಿನಲ್ಲಿ ರೊಟ್ಟಿ ಬುತ್ತಿ ಬಿಚ್ಚಿ. ಮುಂದೆ ಬರುವ ಮಕ್ಕಳಿಗೆ ಆ ನೋಟುಬುಕ್ಕೇ ಸಾಕ್ಷಿಯಾಗಲಿ.