ಒಂದು ಜೇಡಕ್ಕೆ ಹೊಸ ಕುಲ ಬೇಕಿತ್ತೇ?

ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಹೊಳೆ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು, ಆಂಧ್ರದೊಳಗೆ ಬಂದು ಪರಿಗಿಯ ಹತ್ತಿರ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಅಂಥ ಗಡಿಸೀಮೆಯ ಹೊಳೆಯ ಹೆಸರು 2024ರಲ್ಲಿ ಒಂದು ಪುಟ್ಟ ಜೇಡಕ್ಕೆ ಬಂತು: ತೆಂಕಣ ಜಯಮಂಗಲಿ. ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್ ಮತ್ತು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ‘ಜೂಕೀಸ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಪ್ರಭೇದ ಹೊಸದು, ‘ತೆಂಕಣ’ ಎಂಬ ಕುಲವೂ ಹೊಸದು. ಕುಲದ ಹೆಸರೂ ಕನ್ನಡದ್ದೇ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಇಲ್ಲಿ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಕೂತ ಕನ್ನಡಿಗರಿಗೂ ಆ ಹೆಮ್ಮೆ ಸಹಜ. ಆದರೆ ಅದೇ ಲೇಖನದಲ್ಲಿ ಅಷ್ಟು ಸದ್ದು ಮಾಡದ ಇನ್ನೊಂದು ಕೆಲಸ ನಡೆದಿತ್ತು. ಮೊದಲೇ ಗೊತ್ತಿದ್ದ ಎರಡು ಪ್ರಭೇದಗಳನ್ನು ಹಳೆಯ ಜಾಗದಿಂದ ಎಬ್ಬಿಸಿ ಈ ಹೊಸ ಕುಲಕ್ಕೆ ತಂದು ಕೂರಿಸಲಾಯಿತು. ಇಂದಿನ ನನ್ನ ಮಾತೆಲ್ಲ ಆ ಸ್ಥಳಾಂತರದ ಬಗ್ಗೆ. ಅದು ಸರಿ, ಅಷ್ಟೇ ಅಲ್ಲ ಮಾಡಲೇಬೇಕಾಗಿದ್ದದ್ದು ಎಂಬುದು ನನ್ನ ವಾದ.

ತೆಂಕಣ ಜಿಗಿಯುವ ಜೇಡಗಳ ಕುಟುಂಬಕ್ಕೆ ಸೇರಿದ್ದು. ಜಗತ್ತಿನಲ್ಲಿ ಹೆಸರು ಪಡೆದ ಜೇಡಗಳ ಸಂಖ್ಯೆ 2022ರಲ್ಲೇ 50,000 ಮುಟ್ಟಿತು. ಅವುಗಳಲ್ಲಿ 6,000ಕ್ಕೂ ಹೆಚ್ಚು ಈ ಒಂದೇ ಕುಟುಂಬದವು. ಇವು ಸಾಮಾನ್ಯವಾಗಿ ಬೇಟೆಗೆ ಬಲೆ ಹೆಣೆಯುವುದಿಲ್ಲ. ಮುಂದಿನ ಎರಡು ದೊಡ್ಡ ಕಣ್ಣುಗಳಲ್ಲಿ ಗುರಿ ನೋಡಿ ಹಾರಿ ಹಿಡಿಯುತ್ತವೆ. ಇಷ್ಟು ದೊಡ್ಡ ಸಂಸಾರದಲ್ಲಿ ಯಾರು ಯಾರಿಗೆ ನೆಂಟರೆಂದು ಹೇಳುವುದು ಹೇಗೆ? ಬಣ್ಣ, ಪಟ್ಟೆಗಳನ್ನು ನಂಬುವಂತಿಲ್ಲ. ಒಂದೇ ಪ್ರಭೇದದ ಗಂಡು ಹೆಣ್ಣುಗಳೇ ಬೇರೆ ಬೇರೆಯಾಗಿ ಕಾಣುತ್ತವೆ. ಹಾಗಾಗಿ ತಜ್ಞರು ಸೂಕ್ಷ್ಮದರ್ಶಕದಡಿ ಮೊದಲು ನೋಡುವುದು ಗಂಡಿನ ಬಾಯಿಯ ಪಕ್ಕದ, ಪುಟ್ಟ ಕಾಲಿನಂಥ ಪೆಡಿಪಾಲ್ಪನ್ನು. ಅದರ ತುದಿಯಲ್ಲಿ ಉಬ್ಬಿದ ಗುಂಡು, ಆ ಗುಂಡಿನಿಂದ ಹೊರಟು ಬಾಗಿದ ಮುಳ್ಳು, ಪಕ್ಕದಲ್ಲೊಂದು ಚಾಚು. ವೀರ್ಯವನ್ನು ಹೆಣ್ಣಿಗೆ ದಾಟಿಸುವ ಅಂಗ ಇದು. ಮುಳ್ಳು ಎಲ್ಲಿಂದ ಹೊರಟಿದೆ, ಎತ್ತ ಬಾಗಿದೆ ಎಂಬುದರ ಮೇಲೆ ಪ್ರಭೇದವನ್ನು ಬಹುಮಟ್ಟಿಗೆ ಗುರುತಿಸಬಹುದು. ಕಷ್ಟ ಶುರುವಾಗುವುದು ಒಂದು ಮೆಟ್ಟಿಲು ಮೇಲೆ, ಕುಲದ ಮಟ್ಟದಲ್ಲಿ. ದೂರದ ಸಂಬಂಧಿಗಳಲ್ಲೂ ಈ ಮುಳ್ಳು ಒಂದೇ ಬಗೆಯಾಗಿರಬಹುದು, ಹತ್ತಿರದವರಲ್ಲಿ ತೀರ ಬೇರೆಯಾಗಿರಬಹುದು. ಹಳೆಯ ಪುಸ್ತಕಗಳಲ್ಲಿ ಎಷ್ಟೋ ಪ್ರಭೇದಗಳು ‘ಸದ್ಯಕ್ಕೆ ಇಲ್ಲಿರಲಿ’ ಎಂಬಂತೆ ಯಾವುದೋ ಕುಲದಲ್ಲಿ ಕೂತಿರುವುದು ಇದರಿಂದಲೇ.

ತೆಂಕಣದ ವಿಷಯದಲ್ಲಿ ತೀರ್ಮಾನ ತಂದದ್ದು ಡಿಎನ್‌ಎ. ವಿಕಾಸದ ದೀರ್ಘ ಹಾದಿಯಲ್ಲಿ ಬಹುತೇಕ ಬದಲಾಗದೆ ಉಳಿದ ಕೆಲವು ತುಣುಕುಗಳು ಎಲ್ಲ ಜೇಡಗಳಲ್ಲೂ ಸಿಗುತ್ತವೆ. ತುಣುಕಿನ ನಡುಭಾಗ ಒಂದೇ ಆಗಿರುವುದರಿಂದ ಹತ್ತಾರು ಪ್ರಭೇದಗಳಲ್ಲಿ ಅದೇ ಜಾಗವನ್ನು ಹಿಡಿಯಲು ಆಗುತ್ತದೆ. ಎರಡು ಅಂಚುಗಳಲ್ಲಿ ಮಾತ್ರ ಸಣ್ಣ ಸಣ್ಣ ವ್ಯತ್ಯಾಸ ಕೂಡುತ್ತ ಬಂದಿರುತ್ತದೆ. ಅಂಥ ನೂರಾರು ಜಾಗಗಳ ಅಂಚುಗಳನ್ನು ಹೋಲಿಸಿದರೆ ಕವಲು ಎಲ್ಲಿ ಒಡೆಯಿತೆಂದು ತಿಳಿಯುತ್ತದೆ. ಹಾಗೆ ನೋಡಿದಾಗ ಈ ಜೇಡಗಳು ತಮ್ಮದೇ ಒಂದು ಕವಲಾಗಿ ನಿಂತವು. ನೆಂಟ ಕುಲಗಳು ಕಾಡಿನವು. ಇವಕ್ಕೆ ಒಣಸೀಮೆಯೂ ನೆಲವೂ ಹಿತ. ಕರ್ನಾಟಕ, ತಮಿಳುನಾಡು, ತೆಲಂಗಾಣ, ನಮ್ಮ ಈ ಆಂಧ್ರ, ಇವುಗಳಲ್ಲಿ ಹರಡಿವೆ. ಇಲ್ಲೊಂದು ಎಚ್ಚರ ಬೇಕು. ಒಣನೆಲದ ಬದುಕನ್ನೇ ನೆಂಟಸ್ತಿಕೆಗೆ ಸಾಕ್ಷಿ ಎನ್ನಲಾಗದು. ಸಂಬಂಧವಿಲ್ಲದ ಜೀವಿಗಳೂ ಒಂದೇ ಬಗೆಯ ನೆಲಕ್ಕೆ ಒಗ್ಗಿ ಒಂದೇ ತೆರನಾಗುತ್ತವೆ. ನೆಂಟಸ್ತಿಕೆ ಬೇರೆ ದಾರಿಯಿಂದ ಸಾಬೀತಾದ ಮೇಲಷ್ಟೇ ಬದುಕಿನ ರೀತಿಗೆ ಅರ್ಥ.

ಹೆಸರು ಹೀಗೆ ಬದಲಾಗುತ್ತ ಹೋದರೆ ಓದುವವರ ಗತಿಯೇನು ಎಂಬ ಆಕ್ಷೇಪ ಹಳೆಯದು, ಹಗುರವೂ ಅಲ್ಲ. 2014ರಲ್ಲಿ ವಿವರಣೆಗೊಂಡ ‘ಮನು’ ಎಂಬ ಪ್ರಭೇದ ಇಂದು ತೆಂಕಣ ಮನು. ಹತ್ತು ವರ್ಷದ ಹಿಂದಿನ ಪಟ್ಟಿಯಲ್ಲಿ ಈ ಜೋಡಿಹೆಸರು ಹುಡುಕಿದರೆ ಸಿಗದು. ಆದರೆ ಬದಲಾದದ್ದು ಯಾವುದು, ಉಳಿದದ್ದು ಯಾವುದು ನೋಡಿ. ‘ಮನು’ ಉಳಿಯಿತು. ಮೊದಲು ವಿವರಿಸಿದವರ ಹೆಸರೂ ಇಸವಿಯೂ ಉಳಿದವು; ಕುಲ ಬದಲಾಗಿದೆ ಎಂದು ತೋರಿಸಲು ಅವುಗಳ ಸುತ್ತ ಆವರಣ ಚಿಹ್ನೆ ಬಂತು, ಅಷ್ಟೇ. ಆಧಾರವಾದ ಮಾದರಿಯೂ ಅದೇ. ಪ್ರಭೇದದ ಹೆಸರು ಆ ಮಾದರಿಗೆ ಕಟ್ಟಿದ ಗುರುತು. ಕುಲದ ಹೆಸರು ಆ ಜೀವಿಯ ಸಂಬಂಧದ ಬಗ್ಗೆ ನಾವು ಇಡುವ ಹೇಳಿಕೆ. ಹೇಳಿಕೆ ತಪ್ಪೆಂದು ತಿಳಿದ ಮೇಲೂ ಅನುಕೂಲಕ್ಕಾಗಿ ಅದನ್ನೇ ಹಿಡಿದು ಕೂರುವುದು ಓದುಗರಿಗೆ ಮಾಡುವ ಉಪಕಾರವಲ್ಲ. ಮಾದರಿಯ ಚೀಟಿ ಕೂಡ ಎಲ್ಲವನ್ನೂ ಹೇಳುವುದಿಲ್ಲವೆಂಬುದಕ್ಕೆ ಈ ರಾಜ್ಯದಲ್ಲೇ ಉದಾಹರಣೆಯಿದೆ. 1899ರಲ್ಲಿ ಪ್ರಾಣಿತಜ್ಞ ಪೋಕಾಕ್ ವಿವರಿಸಿದ ಗುತ್ತಿಯ ನೀಲಿ ಜೇಡ ಸಿಕ್ಕಿದ್ದು ರೈಲ್ವೆಯ ಮರದ ಅಂಗಳದಲ್ಲಿ. ಅದರ ನಿಜವಾದ ನೆಲೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡು, ತಿಳಿದದ್ದು 2001ರಲ್ಲಿ. ಮರದ ದಿಮ್ಮಿಗಳ ಜೊತೆ ರೈಲಿನಲ್ಲಿ ಬಂದಿರಬೇಕೆಂಬುದು ಊಹೆ. ಶತಮಾನ ಕಾಲ ಚೀಟಿಯ ಮೇಲೆ ಊರಿತ್ತು, ಬದುಕು ಇರಲಿಲ್ಲ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುವಂಥದು. ಕುಲ ಯಾವುದೆಂದು ಡಿಎನ್‌ಎ ಯಂತ್ರವೇ ಹೇಳುವುದಾದರೆ ಹೊಲದ ಬದುವಿನಲ್ಲಿ ಜೇಡ ನೋಡುವವನಿಗೆ ಏನು ಉಳಿಯಿತು? ನಮ್ಮ ದೇಶದಲ್ಲಿ ಜೇಡಗಳ ಅಧ್ಯಯನ ಬೆಳೆದದ್ದು ಗುರುಪರಂಪರೆಯಿಂದ. ಬಿ.ಕೆ. ಟಿಕಾದರ್ ಅವರ 1987ರ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡೇ, ಅವರನ್ನು ಕಣ್ಣಾರೆ ಕಾಣದ ಎಷ್ಟೋ ಜನ ಅವರ ಶಿಷ್ಯರಾದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ತಾವು ಕಂಡ ಗಿಡವೊಂದಕ್ಕೆ ಗುರು ಇರ್ವಿಂಗ್ ಬೈಲಿ ಅವರ ಹೆಸರಿಟ್ಟರು. ಕಣ್ಣಿಗೆ ನೋಡುವುದನ್ನು ಕಲಿಸಿದವರ ಋಣ ಅಷ್ಟು ದೊಡ್ಡದು. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಓದಿದವರು ಮಂದಣ್ಣನನ್ನು ಮರೆಯುವುದುಂಟೇ? ವಿಜ್ಞಾನಿಗೆ ಹಾರುವ ಓತಿಯ ದಾರಿ ತೆರೆದದ್ದು ಆತನ ಕಣ್ಣು. ಆ ಕಣ್ಣಿನ ಕೆಲಸ ಇಂದು ಹೆಚ್ಚಾಗಿದೆ ಎಂದೇ ನನ್ನ ಉತ್ತರ. ಈ ಜೇಡ ನೆಲದಲ್ಲಿತ್ತೋ ಎಲೆಯ ಮೇಲಿತ್ತೋ, ಕಾಡಿನ ಅಂಚೋ ಕುರುಚಲು ಬಯಲೋ ಎಂಬುದನ್ನು ಯಾವ ಡಿಎನ್‌ಎ ತುಣುಕೂ ಹೇಳದು. ಅಲ್ಲಿದ್ದು ಬರೆದಿಟ್ಟವರೇ ಹೇಳಬೇಕು.

ಇಷ್ಟು ಹೇಳಿದ ಮೇಲೂ ಒಂದು ಗಂಟು ನನಗೆ ಬಿಡಿಸಲು ಬಂದಿಲ್ಲ. ಕವಲು ನಿಜ, ಒಪ್ಪಿದೆ. ಆದರೆ ಕವಲಿಗೆ ಕುಲವೆಂಬ ಪಟ್ಟ ಕಟ್ಟಬೇಕೆಂದು ಡಿಎನ್‌ಎ ಎಲ್ಲಿಯೂ ಹೇಳುವುದಿಲ್ಲ. ನೆಂಟ ಕವಲುಗಳನ್ನೆಲ್ಲ ಒಂದೇ ದೊಡ್ಡ ಕುಲದೊಳಗೆ ಸೇರಿಸಿದ್ದರೂ ವಂಶವೃಕ್ಷಕ್ಕೆ ಧಕ್ಕೆಯಿರಲಿಲ್ಲ. ಮೂರೇ ಪ್ರಭೇದಗಳಿಗೆ ಬೇರೆ ಕುಲ ಕೊಟ್ಟದ್ದು ಸರಿ ಎಂದು ನನಗೆ ಅನಿಸುವುದಕ್ಕೆ, ನಿಜ ಹೇಳಬೇಕೆಂದರೆ, ಅವುಗಳ ಒಣನೆಲದ ಬದುಕೇ ಕಾರಣ. ನೆಂಟಸ್ತಿಕೆಗೆ ಸಾಕ್ಷಿಯಲ್ಲವೆಂದು ಆಗಲೇ ಬದಿಗಿಟ್ಟದ್ದನ್ನು ಕುಲದ ಗಡಿ ಹಾಕುವಾಗ ಮತ್ತೆ ಒಳಗೆ ಕರೆಯಬಹುದೇ? ನಾಳೆ ಇಲ್ಲೇ ವಿಶಾಖಪಟ್ಟಣದ ಕಂಬಾಲಕೊಂಡದ ಕಾಡಿನ ಇಳಿಜಾರಿನಲ್ಲಿ, ಡಿಎನ್‌ಎ ಪ್ರಕಾರ ತೆಂಕಣಕ್ಕೆ ಅತಿ ಹತ್ತಿರವಾದ, ಆದರೆ ಮರದ ಎಲೆಗಳ ಮೇಲೆಯೇ ಬಾಳುವ ಜೇಡವೊಂದು ಸಿಕ್ಕಿತೆನ್ನಿ. ಕುಲದ ಅಂಗಳವನ್ನು ಅದಕ್ಕಾಗಿ ಹಿಗ್ಗಿಸಬೇಕೇ? ಅಥವಾ ಅದಕ್ಕೂ ಒಂದು ಹೊಸ ಹೆಸರು ಹುಡುಕಬೇಕೇ?