ನೆರೆಮನೆಯ ಹೊಸ್ತಿಲಲ್ಲಿ ನಮ್ಮ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ನಡೆದ ತಾಯಿತಂದೆಯರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ಮಕ್ಕಳ ನಡೆನುಡಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನನ್ನನ್ನು ಕೇಳಿಕೊಂಡರು. ಎಲ್ಲಿಂದ ಆರಂಭಿಸಲೆಂದು ಯೋಚಿಸುತ್ತಿದ್ದಾಗ ನಮ್ಮಲ್ಲಿಯ ಹಿರಿಯ ತಾಯಿಯೊಬ್ಬರು ಗುರುಮನೆಗೆ ಬಂದರು. ಅವರು ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಆಗತಾನೇ ಹಿಂದಿರುಗಿದ್ದರು. ಅವರ ಮನಸ್ಸನ್ನು ಒಂದು ಸಂಶಯ ಕೊರೆಯುತ್ತಿತ್ತು.

“ಸ್ವಾಮಿ, ಅಕ್ಟೋಬರ್ 31ರ ಸಂಜೆ ಅಲ್ಲಿಯ ಮಕ್ಕಳು ದೆವ್ವದ ವೇಷ, ಅಸ್ಥಿಪಂಜರದ ವೇಷ ಹಾಕಿಕೊಂಡು ಮನೆಮನೆಗೆ ಬಂದು ಮಿಠಾಯಿ ಕೇಳುತ್ತಾರೆ. ನಾನೂ ಬಾಗಿಲಲ್ಲಿ ಕುಳಿತು ಹಂಚಿದೆ. ಮೊಮ್ಮಗನನ್ನೂ ಕಳುಹಿಸಿದೆ. ಸಕಲ ಸಂತರ ಹಬ್ಬದ ಹಿಂದಿನ ದಿನ ಹೀಗೆ ಮಾಡಿದ್ದು ಪಾಪವಾಯಿತೇ?”

“ಅಮ್ಮ, ಮೊಮ್ಮಗನು ಮಿಠಾಯಿ ಪಡೆದಾಗ ಕೊಟ್ಟವರಿಗೆ ವಂದನೆ ಹೇಳಿದನೇ?” ಎಂದು ಕೇಳಿದೆನು. “ಪ್ರತಿಯೊಂದು ಬಾಗಿಲಲ್ಲಿಯೂ ಹೇಳಿದ ಸ್ವಾಮಿ, ಅವನ ತಾಯಿ ಮೊದಲೇ ಕಲಿಸಿದ್ದಳು” ಎಂದರು. “ಹಾಗಾದರೆ ನಿಶ್ಚಿಂತೆಯಿಂದಿರಿ” ಎಂದು ಹೇಳಿ ಕಳುಹಿಸಿದೆನು. ಆದರೆ ಅವರು ಹೋದಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಂದಿನ ನನ್ನ ಮಾತಿಗೆ ಅದೇ ಕಾರಣ.

ಹ್ಯಾಲೋವೀನ್ ಎಂಬ ಆ ಹೆಸರಿನ ಅರ್ಥವೇ ‘ಸಕಲ ಪವಿತ್ರರ ಹಬ್ಬದ ಮುನ್ನಾ ಸಂಜೆ’ ಎಂದು. ಪುರಾತನ ಐರ್ಲೆಂಡಿನ ಜನರು ಸುಗ್ಗಿ ಮುಗಿದು ಚಳಿಗಾಲ ತೊಡಗುವ ಆ ಹೊತ್ತಿನಲ್ಲಿ ‘ಸಾವಿನ್’ ಎಂಬ ಪರ್ವವನ್ನು ಆಚರಿಸುತ್ತಿದ್ದರು. ನವೆಂಬರ್ 1ರ ಸಕಲ ಸಂತರ ಹಬ್ಬವು 9ನೆಯ ಶತಮಾನದಲ್ಲಿ, ಪೋಪ್ ನಾಲ್ಕನೆಯ ಗ್ರೆಗೋರಿಯವರ ಕಾಲದಲ್ಲಿ, ಪಶ್ಚಿಮದ ಧರ್ಮಸಭೆಯಲ್ಲಿ ವ್ಯಾಪಕವಾಗಿ ನೆಲೆಗೊಂಡಿತು. ನವೆಂಬರ್ 2ರ ಮೃತರ ಸ್ಮರಣೆಯನ್ನು ಬಳಕೆಗೆ ತಂದವರು ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಓಡಿಲೋ. ನಾವೂ ಅಂದು ಸಮಾಧಿಗಳನ್ನು ಶುಚಿಗೊಳಿಸಿ, ಹೂವೇರಿಸಿ, ಮೇಣದ ಬತ್ತಿ ಹಚ್ಚುತ್ತೇವಲ್ಲವೇ? ಇಂಗ್ಲೆಂಡಿನಲ್ಲಿ ಈ ಹಬ್ಬಗಳ ಹೊತ್ತಿಗೆ ಬಡವರೂ ಮಕ್ಕಳೂ ಮನೆಯಿಂದ ಮನೆಗೆ ಹೋಗುತ್ತಿದ್ದರು. ಮನೆಯವರು ‘ಆತ್ಮದ ರೊಟ್ಟಿ’ ಎಂಬ ಸಣ್ಣ ಸಿಹಿ ರೊಟ್ಟಿಯನ್ನು ಕೊಡುತ್ತಿದ್ದರು. ಪಡೆದವರು ಆ ಮನೆಯಲ್ಲಿ ಮಡಿದವರ ಆತ್ಮಶಾಂತಿಗಾಗಿ ಪ್ರಾರ್ಥಿಸುತ್ತಿದ್ದರು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡುಗಳಲ್ಲಿ ವೇಷ ಹಾಕಿದ ಮಕ್ಕಳು ಒಂದು ಹಾಡನ್ನೋ ಪದ್ಯವನ್ನೋ ಒಪ್ಪಿಸಿದಮೇಲೆ ಹಣ್ಣು ಹಂಪಲು ಪಡೆಯುತ್ತಿದ್ದರು. ನೋಡಿರಿ, ಬರಿಗೈಯಲ್ಲಿ ಬಂದ ಬಡವನಿಗೂ ಕೊಡಲು ಒಂದು ಪ್ರಾರ್ಥನೆಯಿತ್ತು, ಮಗುವಿಗೂ ಕೊಡಲು ಒಂದು ಹಾಡಿತ್ತು.

ಅಟ್ಲಾಂಟಿಕ್ ಸಾಗರವನ್ನು ದಾಟಿ ವಲಸೆ ಹೋದವರೊಂದಿಗೆ ಈ ಪದ್ಧತಿಯೂ ಅಮೆರಿಕ ಖಂಡವನ್ನು ಸೇರಿತು. ಆದರೆ ಅಲ್ಲಿ ಹರೆಯದ ಹುಡುಗರು ಆ ರಾತ್ರಿ ಬೇಲಿ ಮುರಿಯುವುದು, ಕಿಟಕಿ ಒಡೆಯುವುದು ಮುಂತಾದ ಪುಂಡಾಟಕ್ಕೆ ಇಳಿದರು. ‘ತಿಂಡಿ ಕೊಡುವಿರೋ, ಚೇಷ್ಟೆ ಮಾಡಲೋ’ ಎಂಬ ಅರ್ಥದ ಕೂಗು ಕೆನಡಾದ ಪತ್ರಿಕೆಗಳಲ್ಲಿ 1920ರ ದಶಕದಲ್ಲಿಯೇ ಕಾಣಿಸಿಕೊಂಡಿತು. 1930ರ ದಶಕದಲ್ಲಿ ಅಮೆರಿಕದ ಅನೇಕ ಊರುಗಳ ಹಿರಿಯರು ಹುಡುಗರನ್ನು ಗದರಿಸಿ ಅಟ್ಟುವುದಕ್ಕಿಂತ ಒಳಗೆ ಕರೆದು ತಿಂಡಿ ಕೊಡುವುದೇ ಮೇಲೆಂದು ಕಂಡುಕೊಂಡರು. ಮಹಾಯುದ್ಧದ ಕಾಲದಲ್ಲಿಯೂ ಅದರ ಬೆನ್ನಿಗೂ, 1942ರಿಂದ 1947ರವರೆಗೆ, ಸಕ್ಕರೆಗೆ ಪಡಿತರ ಬಂದಾಗ ಈ ರೂಢಿ ಕುಗ್ಗಿ, ಬಳಿಕ ದೇಶವ್ಯಾಪಿಯಾಯಿತು. 1950ರಲ್ಲಿ ಫಿಲಡೆಲ್ಫಿಯಾದ ಪ್ರೆಸ್ಬಿಟೇರಿಯನ್ ಬೋಧಕರೊಬ್ಬರ ಕುಟುಂಬದ ಪ್ರೇರಣೆಯಿಂದ ಮಕ್ಕಳು ಹಾಲಿನ ಡಬ್ಬಿಗಳನ್ನು ಹಿಡಿದು ಮಿಠಾಯಿಗೆ ಬದಲಾಗಿ ಚಿಲ್ಲರೆ ಕಾಸು ಕೇಳಿದರು. ಹೀಗೆ ಕೂಡಿದ 17 ಡಾಲರುಗಳನ್ನು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ಗೆ ಕಳುಹಿಸಲಾಯಿತು. ಬೆದರಿಕೆಯಾಗಿ ಕೆಟ್ಟಿದ್ದ ಒಂದು ರೂಢಿ ದಾನವಾಗಿ ತಿರುಗಲು ಹಿರಿಯರ ಅಷ್ಟೊಂದು ಯೋಚನೆ ಸಾಕಾಯಿತು.

ಆ ಸಂಜೆಗೆ ಅಲ್ಲಿ ಬರೆಯದ ಕೆಲವು ನಿಯಮಗಳಿವೆಯೆಂದು ಆ ತಾಯಿ ನನಗೆ ವಿವರಿಸಿದರು. ಜಗಲಿಯ ದೀಪ ಉರಿಯುತ್ತಿದ್ದರೆ ‘ಬನ್ನಿರಿ’ ಎಂದರ್ಥ. ದೀಪ ಆರಿದ್ದರೆ ಬಾಗಿಲು ತಟ್ಟದೆ ಮುಂದಕ್ಕೆ ಹೋಗಬೇಕು. ಆ ಮನೆಯವರನ್ನು ಆಡಿಕೊಳ್ಳಬಾರದು. ಹೂಗಿಡಗಳನ್ನು ತುಳಿಯದೆ ದಾರಿಯಲ್ಲಿಯೇ ನಡೆಯಬೇಕು. ಒಮ್ಮೆ ಗಂಟೆ ಬಾರಿಸಿ ಕಾಯಬೇಕು. ಎಳೆಯರನ್ನು ಮುಂದಕ್ಕೆ ಬಿಡಬೇಕು. ಕೊಟ್ಟದ್ದು ಇಷ್ಟವಾಗದಿದ್ದರೂ ಮುಖ ಸಿಂಡರಿಸದೆ ವಂದನೆ ಹೇಳಬೇಕು. ಮನೆಯವರು ಬುಟ್ಟಿಯನ್ನು ಹೊರಗಿಟ್ಟು ಒಳಗಿದ್ದರೆ, ನೋಡುವವರಿಲ್ಲದಿದ್ದರೂ ಒಂದನ್ನು ಮಾತ್ರ ತೆಗೆದುಕೊಳ್ಳಬೇಕು. ನನ್ನ ಪ್ರಿಯರೇ, ಜ್ಞಾನೋಪದೇಶದ ತರಗತಿಯಲ್ಲಿ ನಾವು ವರ್ಷವಿಡೀ ಕಲಿಸುವ ಅಂತಃಸಾಕ್ಷಿಯ ಪಾಠವು ಆ ಒಂದು ಬುಟ್ಟಿಯ ಮುಂದೆ ಪರೀಕ್ಷೆಗೆ ಒಳಗಾಗುತ್ತದೆ!

ನಿಯಮಗಳು ಮಕ್ಕಳಿಗೆ ಮಾತ್ರವಲ್ಲ. ವಂದನೆ ಹೇಳದ ಮಗುವು ಮಾತು ಬಾರದ ಮಗುವಾಗಿರಬಹುದು; ಅದನ್ನು ಒರಟೆಂದು ಹಳಿಯಬಾರದು. ಕೆಲವು ಮಕ್ಕಳಿಗೆ ಕಡಲೆಕಾಯಿಯಂತಹ ಪದಾರ್ಥ ಪ್ರಾಣಾಪಾಯವನ್ನೇ ತರಬಲ್ಲದು. ಅಂತಹವರಿಗಾಗಿ ಪೆನ್ಸಿಲನ್ನೋ ಆಟಿಕೆಯನ್ನೋ ಇಟ್ಟಿರುವ ಮನೆಯವರು, ಹಸಿರು ಬೆರೆತ ನೀಲಿ ಬಣ್ಣ ಬಳಿದ ಕುಂಬಳಕಾಯಿಯನ್ನು ಬಾಗಿಲಲ್ಲಿ ಇಡುವ ರೂಢಿ 2014ರಿಂದ ಅಲ್ಲಿ ಹಬ್ಬಿದೆ.

ಅಪರಿಚಿತರು ವಿಷ ಬೆರೆಸಿಯಾರೆಂಬ ಭಯವೂ ಅಲ್ಲಿ ಬಹುಕಾಲದಿಂದ ಇದೆ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಎಂಬವರು 1958ರಿಂದೀಚಿನ ಪತ್ರಿಕಾ ವರದಿಗಳನ್ನು ಶೋಧಿಸಿ ನೋಡಿದರು. ಮನೆಮನೆಯ ಸುತ್ತಾಟದಲ್ಲಿ ಅಪರಿಚಿತನು ಕೊಟ್ಟ ತಿಂಡಿಯಿಂದ ಮಗುವೊಂದು ಸತ್ತ ಪ್ರಕರಣ ಅವರಿಗೆ ಒಂದೂ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ವಿಷದ ಮಿಠಾಯಿಯಿಂದ ಬಾಲಕನೊಬ್ಬ ಸತ್ತದ್ದು ನಿಜ. ಆದರೆ ಅಪರಾಧಿಯೆಂದು ನ್ಯಾಯಾಲಯ ಕಂಡದ್ದು ನೆರೆಯವನನ್ನಲ್ಲ, ಹಡೆದ ತಂದೆಯನ್ನೇ. ಮಕ್ಕಳ ಕಾವಲಿಗೆ ಹಿರಿಯರು ಜೊತೆಗಿರಬೇಕು, ಸಂದೇಹವಿಲ್ಲ. ಆದರೆ ನೆರೆಯವರನ್ನೆಲ್ಲ ಶಂಕಿಸಲು ಕಲಿತ ಮಗುವು ಮುಂದೆ ಯಾರನ್ನು ಪ್ರೀತಿಸೀತು?

ಇನ್ನು ನಮ್ಮ ನಾಡಿಗೆ ಬರೋಣ. ಹ್ಯಾಲೋವೀನನ್ನು ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ನಮಗೆ ಅದರ ಅಗತ್ಯವಿಲ್ಲ. ಮಕ್ಕಳನ್ನು ನೆರೆಮನೆಯ ಹೊಸ್ತಿಲಿಗೆ ಕಳುಹಿಸುವ ಸಂಪ್ರದಾಯ ನಮ್ಮಲ್ಲಿಯೂ ಉಂಟು. ಸಂಕ್ರಾಂತಿಯಂದು ಹೊಸ ಲಂಗ ತೊಟ್ಟ ಹೆಣ್ಣುಮಕ್ಕಳು ಎಳ್ಳು ಬೀರಲು ನಮ್ಮ ಮನೆಗಳಿಗೂ ಬರುತ್ತಾರೆ. ಕ್ರಿಸ್ತಜಯಂತಿಗೆ ಕರಾವಳಿ ಮೂಲದ ನಮ್ಮ ಕುಟುಂಬಗಳಲ್ಲಿ ನೆವ್ರಿ, ಕಿಡಿಯೊ, ಕೊಕ್ಕಿಸಾಂ ಮುಂತಾದ ಕುಸ್ವಾರ್ ತಿಂಡಿಗಳನ್ನು ತಟ್ಟೆಯಲ್ಲಿ ಜೋಡಿಸಿ, ಬಿಳಿಯ ಬಟ್ಟೆ ಹೊದಿಸಿ, ಮಕ್ಕಳ ಕೈಯಲ್ಲಿ ನೆರೆಯವರಿಗೆ ಕಳುಹಿಸುತ್ತೇವೆ. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವವರು ನಮ್ಮ ನೆರೆಯವರು. ಅಮೆರಿಕದ ಮಗುವು ಪಡೆಯಲು ಹೋಗುತ್ತದೆ, ನಮ್ಮ ಮಗುವು ಕೊಡಲು ಹೋಗುತ್ತದೆ. ಆದರೂ ಹೊಸ್ತಿಲಲ್ಲಿ ಕಲಿಯಬೇಕಾದ ವಿನಯ ಒಂದೇ.

ಇಲ್ಲಿ ನಾನು ನಿಮ್ಮೆದುರು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಗುರುಮಠದಿಂದ ಹೊರಬಂದ ಹೊಸತರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆನು. ಕ್ರಿಸ್ತಜಯಂತಿಗೆ ಮುನ್ನ ಬಾಲಯೇಸುವಿನ ಪ್ರತಿಮೆಯನ್ನು ಹೊತ್ತು ಮನೆಮನೆಗೆ ಹಾಡುತ್ತ ಹೋಗುವ ಮಕ್ಕಳ ತಂಡದ ಹೊಣೆ ನನ್ನದಾಗಿತ್ತು. ಕಡೆಯ ರಾತ್ರಿ ಹೊತ್ತು ಮೀರಿತ್ತು, ಚಳಿಯೂ ಇತ್ತು. ಊರಂಚಿನ ಕೂಲಿಯವರ ಓಣಿಯೊಂದು ಉಳಿದಿತ್ತು. ಪಟ್ಟಿಯಲ್ಲಿ ಆ ಏಳು ಮನೆಗಳ ಮೇಲೆ ಗೆರೆ ಎಳೆದೆನು. ಮಕ್ಕಳಿಗೆ ದಣಿವಾಗಿದೆಯೆಂದು ಹೇಳಿದೆನು. ಅದು ನಿಜವೇ, ಆದರೆ ಆ ಓಣಿಯಿಂದ ಕಾಣಿಕೆ ಡಬ್ಬಿಗೆ ಹೆಚ್ಚೇನೂ ಬೀಳುವುದಿಲ್ಲವೆಂಬ ಎಣಿಕೆಯೂ ನನ್ನ ಮನಸ್ಸಿನಲ್ಲಿ ಇತ್ತು.

ಹಬ್ಬದ ಬಲಿಪೂಜೆ ಮುಗಿದಮೇಲೆ ಆ ಓಣಿಯ ಹುಡುಗನೊಬ್ಬ ನನ್ನ ನಿಲುವಂಗಿಯನ್ನು ಹಿಡಿದು ಕೇಳಿದನು: “ಸ್ವಾಮಿ, ಬಾಲಯೇಸು ನಮ್ಮ ಮನೆಗೆ ಯಾಕೆ ಬರಲಿಲ್ಲ? ಅಮ್ಮ ಲಾಟೀನು ಹಚ್ಚಿ ಬಾಗಿಲಲ್ಲಿ ಇಟ್ಟಿದ್ದಳು. ಎಣ್ಣೆ ಮುಗಿಯುವ ತನಕ ಕಾದೆವು.”

ಆ ಮಗುವಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಆದರೆ ‘ದೀಪ ಉರಿಯುತ್ತಿದ್ದರೆ ಬನ್ನಿರಿ ಎಂದರ್ಥ’ ಎಂದು ಆ ತಾಯಿ ಹೇಳಿದಾಗ ನನ್ನ ಕಣ್ಣ ಮುಂದೆ ನಿಂತದ್ದು ಅಮೆರಿಕದ ಜಗಲಿಯಲ್ಲ, ಆ ಲಾಟೀನು. ಅಂದು ನನ್ನೊಡನೆ ಇದ್ದ ಮಕ್ಕಳು ಹಾಡನ್ನು ಚೆನ್ನಾಗಿ ಕಲಿತಿದ್ದರು, ಬಾಗಿಲಲ್ಲಿ ವಿನಯದಿಂದ ನಿಲ್ಲುವುದನ್ನೂ ಕಲಿತಿದ್ದರು. ಅದರ ಜೊತೆಗೆ, ಕೆಲವು ಬಾಗಿಲುಗಳನ್ನು ಬಿಟ್ಟುಬಿಡಬಹುದೆಂಬ ಪಾಠವನ್ನೂ ಅವರು ನನ್ನಿಂದಲೇ ಕಲಿತರು.

ಆದುದರಿಂದ ತಾಯಿತಂದೆಯರೇ, ‘ವಂದನೆ ಹೇಳು, ಒಂದೇ ತೆಗೆದುಕೋ, ಕೈಕಟ್ಟಿ ನಿಲ್ಲು’ ಎಂದು ಮಕ್ಕಳಿಗೆ ಹೇಳುವುದು ಅವಶ್ಯ. ಗುಣ ಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ವಂದನೆ ಹೇಳಲು ಹಿಂದಿರುಗಿದವನು ಒಬ್ಬನೇ, ಅವನೂ ಪರಕೀಯನಾದ ಸಮಾರ್ಯದವನೆಂಬುದನ್ನು ಸಂತ ಲೂಕರು ಬರೆದಿಟ್ಟಿದ್ದಾರೆ. ಆದರೆ ಮಗುವು ನಿಮ್ಮ ಮಾತಿಗಿಂತ ಹೆಚ್ಚಾಗಿ ನಿಮ್ಮ ಹೆಜ್ಜೆಯನ್ನು ಗಮನಿಸುತ್ತದೆ. ತಟ್ಟೆಯನ್ನು ಮಗುವಿನ ಕೈಗೆ ಕೊಡುವಾಗ ಯಾವ ಮನೆಗಳ ಹೆಸರು ಹೇಳುತ್ತೀರಿ? ದೊಡ್ಡ ತಟ್ಟೆ ಯಾರಿಗೆ, ಮುರಿದ ಚೂರುಗಳು ಯಾರಿಗೆ? ಅನ್ಯಧರ್ಮದ ನೆರೆಯವರು ಎಳ್ಳುಬೆಲ್ಲ ತಂದಾಗ ಮಗುವಿನ ಎದುರಿನಲ್ಲಿ ಅದನ್ನು ಹೇಗೆ ಸ್ವೀಕರಿಸುತ್ತೀರಿ? ಮನೆಗೆಲಸಕ್ಕೆ ಬರುವವಳ ಮಗುವು ಹಬ್ಬದ ದಿನ ಬಂದರೆ ಅದು ಮುಂಬಾಗಿಲಲ್ಲಿ ನಿಲ್ಲುತ್ತದೆಯೋ ಹಿತ್ತಿಲಲ್ಲಿಯೋ? ಮಕ್ಕಳ ಸಭ್ಯತೆಯ ನಿಜವಾದ ಪಾಠ ಇಲ್ಲಿದೆ.

ಈ ಶತಮಾನೋತ್ಸವದ ನೆನಪಿಗಾಗಿ ಎರಡು ಸಣ್ಣ ನಿರ್ಧಾರಗಳನ್ನು ನಿಮ್ಮ ಮುಂದಿಡುತ್ತೇನೆ. ಒಂದು: ಈ ವರ್ಷದಿಂದ ನಮ್ಮ ಹಾಡಿನ ತಂಡವು ಊರಿನ ಕಡೆಯ ಓಣಿಯಿಂದ ಹೊರಟು ದೇವಾಲಯದ ಕಡೆಗೆ ಬರಲಿ, ದಣಿವಾಗಿ ಬಿಟ್ಟುಹೋಗುವ ಮನೆಯಿದ್ದರೆ ಅದು ಗುರುಮನೆಯಾಗಲಿ. ಎರಡು: ಪ್ರತಿಯೊಂದು ಕುಟುಂಬವೂ ತನ್ನ ಮೊದಲ ತಟ್ಟೆಯನ್ನು, ತಿರುಗಿ ಕೊಡಲಾರದ ಮನೆಗೆ ಮಗುವಿನ ಕೈಯಲ್ಲಿಯೇ ಕಳುಹಿಸಲಿ. ಅಲ್ಲಿಂದ ಬರಿದಾದ ತಟ್ಟೆ ಬಂದರೆ ಅದನ್ನು ಗೌರವದಿಂದ ಬರಮಾಡಿಕೊಳ್ಳಲು ಆ ಮಗುವಿಗೆ ಕಲಿಸಿರಿ.

ನೂರು ವರ್ಷಗಳ ಹಿಂದೆ ನಮ್ಮ ಪೂರ್ವಜರು ಈ ದೇವಾಲಯದ ಬಾಗಿಲನ್ನು ತೆರೆದಿಟ್ಟರು. ಕಾದು ಕಾದು ದೀಪದ ಎಣ್ಣೆ ಮುಗಿದ ಮನೆ ನಮ್ಮ ಧರ್ಮಕೇಂದ್ರದಲ್ಲಿ ಇನ್ನು ಒಂದೂ ಉಳಿಯದಿರಲಿ. ಬೆತ್ಲೆಹೇಮಿನಲ್ಲಿ ಛತ್ರದ ಬಾಗಿಲಲ್ಲಿ ಎಡೆಯಿಲ್ಲದೆ ಹಿಂದಿರುಗಿದ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮ್ಮ ಮಕ್ಕಳನ್ನು ಕೈಹಿಡಿದು ನಡೆಸಲಿ. ಸರ್ವೇಶ್ವರನು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ.