ಅಳುವ ಮಗುವಿನ ಹತ್ತಿರಾನೂ ಟಿಕೆಟ್ ಇದೆ

 ಒಂದು ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತೆ. ಚೀನಾದ್ದು. 2024ರ ಆಗಸ್ಟ್ 24ರಂದು ಗುಯ್‌ಯಾಂಗ್ ಅನ್ನೋ ಊರಿಂದ ಶಾಂಘೈಗೆ ಹೊರಟಿದ್ದ ಜುನ್‌ಯಾವೊ ಏರ್‌ಲೈನ್ಸ್ ವಿಮಾನ. ಅಜ್ಜಿ ಜೊತೆ ಬಂದಿದ್ದ ಒಂದು ಪುಟ್ಟ ಹೆಣ್ಣುಮಗು, ವರ್ಷ ದಾಟಿದೆ ಅಷ್ಟೆ, ಅಳು ನಿಲ್ಲಿಸ್ತಾ ಇಲ್ಲ. ಇಬ್ಬರು ಹೆಂಗಸರು ಎದ್ದು ಬಂದರು. ಸಂಬಂಧಿಕರಲ್ಲ, ಪರಿಚಯದವರೂ ಅಲ್ಲ. ಆ ಮಗುವನ್ನ ಎತ್ತಿಕೊಂಡು ಹೋಗಿ ಟಾಯ್ಲೆಟ್ ಒಳಗೆ ಬಾಗಿಲು ಹಾಕಿಕೊಂಡರು. ಅಳು ನಿಲ್ಲಿಸಿದರೆ ಮಾತ್ರ ಹೊರಗೆ ಬಿಡ್ತೀವಿ ಅಂತ ಆ ಕೂಸಿಗೆ ಹೇಳಿದರು. ಈ ವಿಡಿಯೋ ಲೀಕ್ ಆಗಿದ್ದಲ್ಲ. ಅವರಲ್ಲೇ ಒಬ್ಬಾಕೆ ತಾನೇನೋ ಸಮಾಜಸೇವೆ ಮಾಡಿದ ಹಾಗೆ ತಾನಾಗಿ ಹಾಕಿದ್ದು. ವಿಮಾನ ಕಂಪನಿ ಏನಂತು? ಅಜ್ಜಿ ಒಪ್ಪಿಗೆ ಕೊಟ್ಟಿದ್ದರು ಅಂತು.

ಅಜ್ಜಿ ಯಾಕೆ ಒಪ್ಪಿದರು ಅಂತ ಯೋಚನೆ ಮಾಡಿ. ಸುತ್ತಲೂ ನೂರಾರು ಕಣ್ಣು ನಿಮ್ಮನ್ನೇ ದುರುಗುಟ್ಟಿ ನೋಡ್ತಾ ಇರುವಾಗ, ವಯಸ್ಸಾದ ಹೆಂಗಸು ಇನ್ನೇನು ಹೇಳ್ತಾರೆ?

ಆ ವಿಡಿಯೋ ಬಂದ ಮೇಲೆ ಒಂದು ಚರ್ಚೆ ಮತ್ತೆ ಎದ್ದಿದೆ. ಅಲ್ಲಿ ಮಾತ್ರ ಅಲ್ಲ, ನಮ್ಮಲ್ಲೂ. ಚಿಕ್ಕ ಮಕ್ಕಳನ್ನ ಎಲ್ಲರ ಜೊತೆ ವಿಮಾನದಲ್ಲಿ ಕರ್ಕೊಂಡು ಬರಬೇಕಾ? ಅವರಿಗೆ ಬೇರೆ ಜಾಗ ಮಾಡಬಾರದಾ? ದುಡ್ಡು ಕೊಟ್ಟು ಟಿಕೆಟ್ ತಗೊಂಡಿರೋ ನಮಗೆ ನೆಮ್ಮದಿ ಬೇಡವಾ? ಹೀಗೆ ಕೇಳೋರು ಕೆಟ್ಟವರು ಅಂತ ನಾನು ಹೇಳಲ್ಲ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ವಿಮಾನ ಶುರುವಾಯ್ತಲ್ಲ, ಸುಮಾರು 14 ಸಾವಿರ ಕಿಲೋಮೀಟರ್, 16 ಗಂಟೆಗೂ ಮೇಲೆ. ಅಷ್ಟು ಹೊತ್ತು ಕಿವಿ ಪಕ್ಕದಲ್ಲೇ ಒಂದು ಮಗು ಕಿರುಚ್ತಾ ಇದ್ದರೆ ಸಂತರಿಗೂ ತಲೆ ಸಿಡಿಯುತ್ತೆ. ಇಳಿದ ಕೂಡಲೇ ಆಫೀಸಿಗೆ ಓಡಬೇಕಾದವರು ಇರ್ತಾರೆ, ಆಸ್ಪತ್ರೆಗೆ ಹೊರಟವರು ಇರ್ತಾರೆ. ಅವರ ಕಷ್ಟ ನಿಜ.

ಆದರೆ ಆ ಮಗು ಯಾಕೆ ಅಳುತ್ತೆ, ಅದನ್ನ ಯಾರಾದರೂ ಕೇಳಿದ್ದೀರಾ? ಹಟ ಅಂದ್ಕೋತೀರಾ? ಅಪ್ಪ ಅಮ್ಮ ಸರಿಯಾಗಿ ಬೆಳೆಸಿಲ್ಲ ಅಂದ್ಕೋತೀರಾ? ಕೇಳಿ, ಹೇಳ್ತೀನಿ. ವಿಮಾನ ಮೇಲೆ ಹಾರ್ತಾ ಇರುವಾಗ ಒಳಗಿನ ಗಾಳಿಯ ಒತ್ತಡ ನಮ್ಮ ಮನೆಯಲ್ಲಿ ಇದ್ದ ಹಾಗೆ ಇರಲ್ಲ. 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟಿರುತ್ತೋ ಅಷ್ಟಿರುತ್ತೆ. ಅಂದರೆ ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿ ತುದಿ, ಕೆಲವು ಸಲ ಅದಕ್ಕೂ ಮೇಲೆ. ಇಳಿಯುವಾಗ ಅರ್ಧ ಗಂಟೆಯಲ್ಲಿ ಆ ತುದಿಯಿಂದ ಬಯಲಿಗೆ ಬಂದು ಬೀಳ್ತೀರಿ. ಹೊರಗಿನ ಒತ್ತಡ ಏರುತ್ತೆ, ಕಿವಿ ಒಳಗಿನದು ಹಿಂದೆ ಉಳಿಯುತ್ತೆ. ಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ, ಅದು ತೆರೆದರೆ ಎರಡೂ ಸಮ ಆಗುತ್ತೆ. ನಾವು ನೀವು ಏನ್ಮಾಡ್ತೀವಿ? ಆಕಳಿಸ್ತೀವಿ, ಎಂಜಲು ನುಂಗ್ತೀವಿ, ಚಾಕಲೇಟ್ ಚಪ್ಪರಿಸ್ತೀವಿ. ಟಕ್ ಅಂತ ಕಿವಿ ಬಿಟ್ಟುಕೊಳ್ಳುತ್ತೆ. ಆರು ತಿಂಗಳ ಕೂಸಿಗೆ ಅದು ಗೊತ್ತಾ? ಅದರ ನಾಳ ಇನ್ನೂ ಕಿರಿದು, ಸ್ವಲ್ಪ ಶೀತ ಆದರೂ ಕಟ್ಟಿಕೊಳ್ಳುತ್ತೆ. ಕಿವಿ ಒಳಗೆ ಯಾರೋ ಒತ್ತಿದ ಹಾಗೆ ನೋವು. ಆ ನೋವನ್ನ ಹೇಳೋಕೆ ಅದಕ್ಕಿರೋ ಮಾತು ಒಂದೇ, ಅಳು.

ಇದು ಗೊತ್ತಿದ್ದರೆ ಅರ್ಧ ಜಗಳ ಮುಗಿಯುತ್ತೆ. ಗೊತ್ತಿಲ್ಲ. ಅದಕ್ಕೇ ಏನಾಗ್ತಿದೆ ಗೊತ್ತಾ? ಇವತ್ತಿನ ಮಾತಲ್ಲಿ ನನಗೆ ನಿಜವಾಗಲೂ ಭಯ ಹುಟ್ಟಿಸೋ ಭಾಗ ಇದು. ಪಕ್ಕದವರ ಮುಖಕ್ಕೆ ಹೆದರಿ ಅಪ್ಪ ಅಮ್ಮಂದಿರು ವಿಮಾನ ಹತ್ತೋ ಮೊದಲು ಮಗುವಿಗೆ ಸಿರಪ್ ಕುಡಿಸ್ತಾರೆ. ಶೀತಕ್ಕೆ, ಅಲರ್ಜಿಗೆ ಕೊಡೋ ಸಿರಪ್ ಇರುತ್ತಲ್ಲ, ಕುಡಿದರೆ ನಿದ್ದೆ ಬರುತ್ತೆ ಅಂತ. ಡಾಕ್ಟರನ್ನ ಕೇಳಲ್ಲ. 'ಪಕ್ಕದ ಮನೆಯವರು ಕೊಟ್ಟಿದ್ದರಂತೆ, ಮಗು ಪಾಪ ದುಬೈ ತನಕ ಏಳಲೇ ಇಲ್ಲವಂತೆ' ಅನ್ನೋದೇ ಪ್ರಿಸ್ಕ್ರಿಪ್ಷನ್. ಈ ಜಾತಿಯ ಕೆಲವು ಔಷಧಿಗಳನ್ನ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು ಅಂತ ಎಚ್ಚರಿಕೆ ಇದೆ. ಪ್ರೊಮೆಥಜಿನ್ ಅಂತ ಒಂದಿದೆ, ಅದು ಅಷ್ಟು ಚಿಕ್ಕ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಹುದು. ಇನ್ನು ಕೆಲವು ಮಕ್ಕಳಲ್ಲಿ ನಿದ್ದೆ ಬರೋ ಬದಲು ಉಲ್ಟಾ ಆಗಿ ಇನ್ನೂ ಚಡಪಡಿಸ್ತವೆ. ಮೂವತ್ತು ಸಾವಿರ ಅಡಿ ಮೇಲೆ ಮಗುವಿನ ಉಸಿರು ಏರುಪೇರಾದರೆ ಯಾವ ಆಸ್ಪತ್ರೆಗೆ ಓಡ್ತೀರಿ ಸ್ವಾಮಿ? ನಮ್ಮ ಎರಡು ಗಂಟೆ ಮೌನಕ್ಕೆ ಒಂದು ಕೂಸಿಗೆ ಮಂಪರು ಬರಿಸಬೇಕಾ?

ಈಗ ಬೇರೆ ಜಾಗದ ಮಾತಿಗೆ ಬರೋಣ. ಇದು ಹೊಸ ಐಡಿಯಾ ಏನಲ್ಲ. ಕೊರೆಂಡನ್ ಅನ್ನೋ ಕಂಪನಿ 2023ರ ನವೆಂಬರ್‌ನಿಂದ ಆಮ್ಸ್ಟರ್‌ಡ್ಯಾಂನಿಂದ ಕೆರಿಬಿಯನ್‌ನ ಕುರಾಸಾವೊ ದ್ವೀಪಕ್ಕೆ ಹೋಗೋ ವಿಮಾನದಲ್ಲಿ 16 ವರ್ಷ ಮೇಲ್ಪಟ್ಟವರಿಗೆ ಅಂತಲೇ ಮುಂಭಾಗದಲ್ಲಿ ಜಾಗ ಮಾಡಿತು. ಮಾಮೂಲಿ ಸೀಟು 93, ಕಾಲು ಚಾಚೋ ದೊಡ್ಡ ಸೀಟು 9. ಮಾಮೂಲಿಗೆ 45 ಯೂರೋ ಜಾಸ್ತಿ, ದೊಡ್ಡದಕ್ಕೆ 100 ಯೂರೋ. ಅದಕ್ಕೂ ಎಷ್ಟೋ ಮೊದಲು, 2013ರಲ್ಲೇ, ಏರ್ ಏಷ್ಯಾ ಎಕ್ಸ್ ಹೀಗೆ ಮಾಡಿತ್ತು. ನಮ್ಮ ಇಂಡಿಗೊ 2016ರಲ್ಲಿ 'ಕ್ವೈಟ್ ಝೋನ್' ಅಂತ ಹೇಳಿತು. 1ರಿಂದ 4ನೇ ಸಾಲು, 11ರಿಂದ 14ನೇ ಸಾಲು, ಅಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಸೀಟಿಲ್ಲ ಅಂತ ಆಗ ಹೇಳಿತ್ತು.

ಕಂಪನಿ ತನ್ನ ವ್ಯಾಪಾರ ಮಾಡಲಿ, ನನ್ನ ತಕರಾರಿಲ್ಲ. ಆದರೆ ಅವರು ಮಾರ್ತಾ ಇರೋದು ಏನನ್ನ? ಮಗುವಿನ ಕೂಗು ಸಾಲಿನ ನಂಬರ್ ನೋಡಿಕೊಂಡು ನಿಲ್ಲುತ್ತಾ? ಐದನೇ ಸಾಲಲ್ಲಿ ಮಗು ಅತ್ತರೆ ನಾಲ್ಕನೇ ಸಾಲಿಗೆ ಕೇಳಲ್ವಾ? ಇನ್ನು ತುರ್ತು ದ್ವಾರದ ಸಾಲುಗಳಲ್ಲಿ ಮಕ್ಕಳನ್ನ ಕೂರಿಸೋ ಹಾಗೇ ಇಲ್ಲ, ಅದು ಮೊದಲಿಂದಲೂ ಇರೋ ಸುರಕ್ಷತಾ ನಿಯಮ. ಅಂತೂ ಮೌನ ಸಿಕ್ಕಿತೋ ಇಲ್ಲವೋ, ಹತ್ತಾರು ಕುಟುಂಬಗಳಿಗೆ ಒಂದು ಮಾತು ಮಾತ್ರ ಚೆನ್ನಾಗಿ ಕೇಳಿಸಿತು. ನಿಮ್ಮ ಮಗು ಒಂದು ಕಿರಿಕಿರಿ, ಹಿಂದೆ ಹೋಗಿ.

ಈ ಹಿಂದೆ ಹೋಗಿ ಅನ್ನೋದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಾವು ರಾಂಚಿಯಲ್ಲಿ ನೋಡಿದ್ದೀವಿ. 2022ರ ಮೇ 7. ರಾಂಚಿಯಿಂದ ಹೈದರಾಬಾದಿಗೆ ಹೋಗಬೇಕಿದ್ದ ಇಂಡಿಗೊ ವಿಮಾನ. ವಿಶೇಷ ಚೇತನ ಹುಡುಗ, ಜೊತೆಗೆ ಅಪ್ಪ ಅಮ್ಮ. ಹುಡುಗ ಗಾಬರಿಯಾಗಿದ್ದಾನೆ, ಇವನಿಂದ ಉಳಿದವರ ಸುರಕ್ಷತೆಗೆ ತೊಂದರೆ ಅಂತ ಸಿಬ್ಬಂದಿ ಹತ್ತಿಸಿಕೊಳ್ಳಲೇ ಇಲ್ಲ. ಉಳಿದವರು ಅಂದರೆ ಯಾರು? ಅದೇ ವಿಮಾನಕ್ಕೆ ಕಾದಿದ್ದ ಜನ ತಾನೇ? ಆ ಜನ ಏನ್ಮಾಡಿದರು ಗೊತ್ತಾ? ಹುಡುಗನ ಪರವಾಗಿ ನಿಂತರು. ಅವರಲ್ಲಿ ಡಾಕ್ಟರುಗಳಿದ್ದರು, ದಾರಿಯಲ್ಲಿ ಏನಾದರೂ ಆದರೆ ನಾವಿದ್ದೀವಿ ಅಂದರು. ಅಲ್ಲಿದ್ದ ಒಬ್ಬ ಪ್ರಯಾಣಿಕರು ಬರೆದು ಹಾಕಿದ್ದರಿಂದಲೇ ಇದು ದೇಶಕ್ಕೆ ಗೊತ್ತಾಗಿದ್ದು. ಆದರೂ ಆ ಕುಟುಂಬವನ್ನ ಬಿಟ್ಟು ವಿಮಾನ ಹೋಯ್ತು. ಅವರು ಮಾರನೇ ದಿನ ಹೋಗಬೇಕಾಯ್ತು.

ಡಿಜಿಸಿಎ ವಿಚಾರಣೆ ಮಾಡಿ 5 ಲಕ್ಷ ರೂಪಾಯಿ ದಂಡ ಹಾಕಿತು. ಸಿಬ್ಬಂದಿ ನಡೆದುಕೊಂಡ ರೀತಿಯಿಂದಲೇ ಪರಿಸ್ಥಿತಿ ಬಿಗಡಾಯಿಸಿತು, ಸ್ವಲ್ಪ ಕರುಣೆ ತೋರಿಸಿದ್ದರೆ ಹುಡುಗ ಶಾಂತವಾಗ್ತಿದ್ದ ಅನ್ನೋ ಅರ್ಥದಲ್ಲೇ ಹೇಳಿತು. ಆಮೇಲೆ ಅದೇ ವರ್ಷ ನಿಯಮ ಬದಲಾಯ್ತು. ಅಂಗವೈಕಲ್ಯ ಇದೆ ಅನ್ನೋ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ. ದಾರಿಯಲ್ಲಿ ಆರೋಗ್ಯ ಕೆಡಬಹುದು ಅನ್ನಿಸಿದರೆ ವಿಮಾನ ನಿಲ್ದಾಣದ ಡಾಕ್ಟರ್ ನೋಡಿ ಹೇಳಬೇಕು, ಕೌಂಟರಿನಲ್ಲಿ ಕೂತವರಲ್ಲ. ಒಬ್ಬ ಹುಡುಗನ ಕಣ್ಣೀರಿನಿಂದ ಬಂದ ನಿಯಮ ಅದು, ನೆನಪಿಡಿ.

ಇನ್ನೊಂದು ವಿಷಯ. ವಿಮಾನದಲ್ಲಿ ತೊಂದರೆ ಕೊಡೋರು ಮಕ್ಕಳು ಮಾತ್ರನಾ? 2022ರ ನವೆಂಬರ್ 26, ನ್ಯೂಯಾರ್ಕಿಂದ ದೆಹಲಿಗೆ ಬರ್ತಿದ್ದ ಏರ್ ಇಂಡಿಯಾ ವಿಮಾನ, ಬಿಸಿನೆಸ್ ಕ್ಲಾಸ್. ಕುಡಿದ ಮತ್ತಿನಲ್ಲಿ ವಯಸ್ಸಾದ ಹೆಂಗಸಿನ ಮೇಲೆ ಮೂತ್ರ ಮಾಡಿದ ಆರೋಪ ಬಂದದ್ದು ಯಾರ ಮೇಲೆ? ಓದಿದ, ಒಳ್ಳೇ ಕೆಲಸದಲ್ಲಿದ್ದ ಗಂಡಸಿನ ಮೇಲೆ. ದೆಹಲಿ ಪೊಲೀಸರು ಅವನನ್ನ ಹಿಡಿದದ್ದು ನಮ್ಮ ಬೆಂಗಳೂರಿನಲ್ಲೇ. ಆ ಪ್ರಕರಣದಲ್ಲಿ ಕಂಪನಿಗೆ 30 ಲಕ್ಷ ದಂಡ ಬಿತ್ತು. ಅದಾದ ಮೇಲೆ ಯಾರಾದರೂ ಬಿಸಿನೆಸ್ ಕ್ಲಾಸಿನಲ್ಲಿ ಗಂಡಸರಿಗೆ ಬೇರೆ ಜಾಗ ಮಾಡಿ ಅಂದ್ರಾ? ಅನ್ನಲಿಲ್ಲ. ತಪ್ಪು ಮಾಡಿದವನ ಮೇಲೆ ಮಾತ್ರ ಕ್ರಮ ಕೈಗೊಳ್ಳಿ ಅಂದ್ರು. ಸರಿಯಾಗೇ ಅಂದ್ರು. ಮಕ್ಕಳ ವಿಷಯಕ್ಕೆ ಬಂದರೆ ಮಾತ್ರ ಇಡೀ ವಯಸ್ಸನ್ನೇ ಹೊರಗೆ ಹಾಕಿ ಅಂತೀರಲ್ಲ, ಇದ್ಯಾವ ನ್ಯಾಯ?

ಮಗು ಎತ್ತಿಕೊಂಡು ವಿಮಾನ ಹತ್ತೋರು ಮಜಾ ಮಾಡೋಕೆ ಬಂದವರು ಅಂತ ಒಂದು ಭಾವನೆ ಇದೆ. ಅಲ್ಲಾ ರೀ, ನಮ್ಮ ಕಡೆ ಹೆರಿಗೆಗೆ ತವರಿಗೆ ಬರ್ತಾರೆ. ಬಾಣಂತನ ಮುಗಿಸಿ ಮೂರು ತಿಂಗಳ ಕೂಸು ಎತ್ತಿಕೊಂಡು ಮುಂಬೈಗೋ, ಪುಣೆಗೋ, ಮಸ್ಕತ್‌ಗೋ ಹೋಗಬೇಕು. ರಜೆ ಮುಗಿದಿರುತ್ತೆ. ಎಷ್ಟೋ ಸಲ ಗಂಡ ಜೊತೆಗಿರಲ್ಲ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಡೈಪರ್ ಬ್ಯಾಗು, ಬಾಯಲ್ಲಿ ಬೋರ್ಡಿಂಗ್ ಪಾಸು. ಹಸಿ ಬಾಣಂತಿ ಎರಡು ರಾತ್ರಿ ರೈಲಲ್ಲಿ ಹೋಗಲಿ ಅಂತೀರಾ? ಹೃದಯದಲ್ಲಿ ರಂಧ್ರ ಇರೋ ಕೂಸುಗಳನ್ನ ಎತ್ತಿಕೊಂಡು ಎಲ್ಲೆಲ್ಲಿಂದಲೋ ಬೆಂಗಳೂರಿನ ಆಸ್ಪತ್ರೆಗಳಿಗೆ ಬರ್ತಾರಲ್ಲ, ಅವರು? ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗನ ಮುಖ ಒಂದು ಸಲ ನೋಡಬೇಕು ಅಂತ ಹಾಸಿಗೆ ಹಿಡಿದ ತಾತ ಕಾಯ್ತಾ ಇದ್ದರೆ, ಅವರು?

ಕೆಂಪು ಬಸ್ಸಲ್ಲಿ ಮಗು ಅತ್ತರೆ ಏನಾಗುತ್ತೆ? ಹಿಂದಿನ ಸೀಟಿನ ಅಜ್ಜಿ ಕೈ ಚಾಚಿ, 'ಇಲ್ಲಿ ಕೊಡವ್ವ, ನಾ ಆಡಿಸ್ತೀನಿ' ಅಂತಾಳೆ. ಇನ್ಯಾರೋ ಕಿಟಕಿ ಸೀಟು ಬಿಟ್ಟುಕೊಡ್ತಾರೆ. ಕಂಡಕ್ಟರ್ ಟಿಕೆಟ್ ಮಿಷನ್ ತೋರಿಸಿ ನಗಿಸೋಕೆ ನೋಡ್ತಾನೆ. ಅದೇ ಜನ ಐದು ಸಾವಿರ ಕೊಟ್ಟು ವಿಮಾನ ಹತ್ತಿದ ಕೂಡಲೇ ಯಾಕೆ ಬದಲಾಗ್ತಾರೆ? ನನಗೆ ಅನ್ನಿಸೋದು, ಟಿಕೆಟ್ಟಿನ ಜೊತೆ ಮೌನವನ್ನೂ ಕೊಂಡುಕೊಂಡಿದ್ದೀವಿ ಅಂದುಕೊಂಡಿರ್ತಾರೆ. ಕೊಂಡಿಲ್ಲ. ಕೊಂಡಿರೋದು ಒಂದು ಸೀಟು, ಆ ಊರಿಂದ ಈ ಊರಿಗೆ. ಆ ಕೂಸಿಗಂತೂ ಅದೂ ಇಲ್ಲ. ಎರಡು ವರ್ಷದೊಳಗಿದ್ದರೆ ದುಡ್ಡು ತಗೊಂಡು ಅಮ್ಮನ ತೊಡೆ ಮೇಲೆ ಕೂರಿಸ್ತಾರೆ.

ಹಾಗಂತ ಅಪ್ಪ ಅಮ್ಮಂದಿರನ್ನ ನಾನು ಬಿಡಲ್ಲ. ಆರು ತಿಂಗಳ ಕೂಸಿನ ಅಳು ಬೇರೆ, ಆರು ವರ್ಷದ ಹುಡುಗ ಮುಂದಿನ ಸೀಟಿಗೆ ಒದೆಯೋದು ಬೇರೆ. ಕೂಸಿಗೆ ಹೇಳಿದರೆ ಅರ್ಥ ಆಗಲ್ಲ. ಆರು ವರ್ಷದವನಿಗೆ ಆಗುತ್ತೆ, ಹೇಳೋರು ಇರಬೇಕು ಅಷ್ಟೆ. ಮಗ ಒದೀತಾ ಇರ್ತಾನೆ, ಅಪ್ಪ ಮೊಬೈಲಲ್ಲಿ ರೀಲ್ಸ್ ನೋಡ್ತಾ ಇರ್ತಾನೆ. ಮಗಳ ಟ್ಯಾಬ್‌ನಲ್ಲಿ ಕಾರ್ಟೂನ್, ಫುಲ್ ಸೌಂಡು, ಇಯರ್‌ಫೋನ್ ಇಲ್ಲ. ಯಾರಾದರೂ ಕೇಳಿದರೆ 'ಮಕ್ಕಳಲ್ವಾ ಸಾರ್' ಅಂತ ಹಲ್ಲು ಕಿರಿಯೋದು. ಸಾರ್, ಮಕ್ಕಳೇ. ಆದರೆ ನೀವು ಮಕ್ಕಳಲ್ಲ. ಅಂಥ ಕಡೆ ಸಿಬ್ಬಂದಿಯನ್ನ ಕರೆದು ದೂರು ಹೇಳೋಕೆ ಪಕ್ಕದವರಿಗೆ ಪೂರ್ತಿ ಹಕ್ಕಿದೆ.

ವಿಮಾನ ಕಂಪನಿಗಳಿಗೆ ಬರ್ತೀನಿ. ಈ ಜಗಳದಲ್ಲಿ ಪ್ರಯಾಣಿಕರು ಪ್ರಯಾಣಿಕರೇ ಕಚ್ಚಾಡ್ತಾರೆ, ಕಂಪನಿ ಆರಾಮಾಗಿ ನೋಡ್ತಾ ಕೂತಿರುತ್ತೆ. ಸೀಟು ಆರಿಸಿಕೊಳ್ಳೋಕೆ ದುಡ್ಡು, ಕಾಲು ಚಾಚೋಕೆ ದುಡ್ಡು. ದುಡ್ಡು ಕೊಡದಿದ್ದರೆ ಅಮ್ಮ 8ನೇ ಸಾಲಲ್ಲಿ, ನಾಲ್ಕು ವರ್ಷದ ಮಗು 23ನೇ ಸಾಲಲ್ಲಿ. ಅದು ಅಳದೆ ಇನ್ನೇನು ಮಾಡುತ್ತೆ? ಈ ಹಾವಳಿ ಜಾಸ್ತಿಯಾಗಿ 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ಆದೇಶ ಮಾಡಬೇಕಾಯ್ತು. 12 ವರ್ಷದವರೆಗಿನ ಮಕ್ಕಳಿಗೆ, ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಆಗಿದ್ದರೆ, ಅಪ್ಪ ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕು, ಅದರ ದಾಖಲೆ ಇಡಬೇಕು. ಮಗುವನ್ನ ಅಮ್ಮನ ಪಕ್ಕ ಕೂರಿಸಿ ಅಂತ ಸರ್ಕಾರ ಆದೇಶ ಮಾಡಬೇಕಾ? ಆ ಮಟ್ಟಕ್ಕೆ ಬಂದಿದ್ದೀವಿ. ಸುಮ್ಮನೆ ಕೂತಿದ್ದರೆ ಈ ಆದೇಶ ಇದೆ ಅಂತ ನಿಮಗೆ ಯಾರೂ ಹೇಳಲ್ಲ. ನೀವೇ ಕೌಂಟರಿನಲ್ಲಿ ಕೇಳಬೇಕು. ಸೀಟಿಗೆ ಎಕ್ಸ್‌ಟ್ರಾ ಕೊಡಿ ಅಂದರೆ, ಡಿಜಿಸಿಎ ಆದೇಶದ ಹೆಸರು ಹೇಳಿ.

ಇವತ್ತು ರಾತ್ರಿ ಮಗು ಎತ್ತಿಕೊಂಡು ಹೊರಡೋರು ಯಾರಾದರೂ ನೋಡ್ತಾ ಇದ್ದರೆ, ಒಂದೇ ಮಾತು. ಮಗುವಿನ ಹಾಲು, ಊಟ ಕೈಚೀಲದಲ್ಲಿ ಒಯ್ಯಬಹುದು, ಸೆಕ್ಯೂರಿಟಿಯಲ್ಲಿ ಬಿಡ್ತಾರೆ, ಎಸೆದು ಬರಬೇಡಿ. ಹತ್ತಿದ ಕೂಡಲೇ ಎಲ್ಲಾ ಕುಡಿಸಿಬಿಡಬೇಡಿ, ಇಳಿಯೋದಕ್ಕೆ ಅಂತ ಸ್ವಲ್ಪ ಉಳಿಸಿಕೊಳ್ಳಿ. ವಿಮಾನ ಕೆಳಗೆ ಇಳಿಯೋಕೆ ಶುರು ಮಾಡಿದಾಗ ಎದೆಹಾಲೋ ಬಾಟಲಿಯೋ ಬಾಯಿಗಿಡಿ, ನುಂಗ್ತಾ ನುಂಗ್ತಾ ಕಿವಿ ಬಿಟ್ಟುಕೊಳ್ಳುತ್ತೆ. ಶೀತ, ಕಿವಿನೋವು ಇದ್ದರೆ ಹೊರಡೋ ಮೊದಲೇ ಡಾಕ್ಟರಿಗೆ ತೋರಿಸಿ. ಆ ಸಿರಪ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.